ಆರು ವಾರದ ಸಿಪಾಯಿ: ಅಲೆಕ್ ಕ್ಯಾಂಪ್‌ಬೆಲ್ ಪ್ರಕರಣ

ಸೀಮೆಎಣ್ಣೆ ತುಂಬಿ ಬರುತ್ತಿದ್ದ ಚೌಕದ ತಗಡಿನ ಡಬ್ಬವನ್ನು ಕಂಡವರು ನಮ್ಮಲ್ಲಿ ಈಗಲೂ ಇದ್ದಾರೆ. ಎಣ್ಣೆ ಮುಗಿದ ಮೇಲೆ ಬಾಯಿ ಕತ್ತರಿಸಿ, ಅಡ್ಡಕ್ಕೊಂದು ಮರದ ಹಿಡಿ ಕೂರಿಸಿದರೆ ಅದೇ ನೀರು ಹೊರುವ ಕೊಡವಾಗುತ್ತಿತ್ತು. ಹಿಡಿಸುವುದು ನಾಲ್ಕು ಗ್ಯಾಲನ್, ಅಂದರೆ ಹದಿನೆಂಟು ಲೀಟರು. ತೂಕವೂ ಹದಿನೆಂಟು ಕಿಲೋ. ಹೊರುವವನಿಗೆ ಕಷ್ಟ ಕೊಡುವುದು ತೂಕಕ್ಕಿಂತ ಅದರ ತುಳುಕಾಟ. ಸಮತಟ್ಟಾದ ಅಂಗಳದಲ್ಲೇ ಕಾಲು ಒದ್ದೆಯಾಗುತ್ತದೆ. ಇನ್ನು ಕಡಿದಾದ ಗುಡ್ಡ, ಕತ್ತಲೆ, ಮೇಲಿನಿಂದ ಗುಂಡು ಎಂದರೆ ಕೇಳುವುದೇ ಬೇಡ.

1915ರ ನವೆಂಬರಿನಲ್ಲಿ ತುರ್ಕಿಯ ಗಲಿಪೊಲಿ ಪರ್ಯಾಯದ್ವೀಪದ ಕಡಲದಂಡೆಯಿಂದ ಗುಡ್ಡದ ಮೇಲಿನ ಕಂದಕಗಳಿಗೆ ಹೀಗೆ ನೀರು ಹೊತ್ತವರಲ್ಲಿ ಹದಿನಾರು ವರ್ಷದ ಒಬ್ಬ ಹುಡುಗನಿದ್ದ. ಆಸ್ಟ್ರೇಲಿಯಾದ 15ನೇ ಬೆಟಾಲಿಯನ್ನಿನ ಕಾಲಾಳು, ಹೆಸರು ಅಲೆಕ್ಸಾಂಡರ್ ವಿಲಿಯಂ ಕ್ಯಾಂಪ್‌ಬೆಲ್. ಎಂಬತ್ತಾರು ವರ್ಷಗಳ ನಂತರ, 2002ರ ಮೇ 24ರಂದು, ಹೊಬಾರ್ಟ್ ನಗರದ ಸೇಂಟ್ ಡೇವಿಡ್ ಕೆಥೆಡ್ರಲ್‌ನಲ್ಲಿ ಸಕಲ ಸರ್ಕಾರಿ ಗೌರವದೊಂದಿಗೆ ಆತನ ಅಂತ್ಯಸಂಸ್ಕಾರ ನಡೆಯಿತು. ಪ್ರಧಾನಿ ಜಾನ್ ಹೋವರ್ಡ್ ಚೀನಾ ಪ್ರವಾಸವನ್ನು ಮೊಟಕುಗೊಳಿಸಿ ಬಂದರು. ದೇಶದ ಬಾವುಟಗಳು ಅರ್ಧಕ್ಕಿಳಿದವು.

ಈ ಎರಡು ಸಂಗತಿಗಳ ನಡುವಿನ ಅಂತರವೇ ನನಗೆ ಇದನ್ನು ಪ್ರಕರಣವಾಗಿ ಎತ್ತಿಕೊಳ್ಳುವಂತೆ ಮಾಡಿದ್ದು. ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಹೆಸರು ಕೊಟ್ಟವರು 4,16,809 ಮಂದಿ, ಎಲ್ಲರೂ ತಾವಾಗಿಯೇ ಬಂದವರು. ಆಗ ಆ ದೇಶದ ಜನಸಂಖ್ಯೆ ಐವತ್ತು ಲಕ್ಷವೂ ಇರಲಿಲ್ಲ. ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು 64. ಬರಹಗಳೆಲ್ಲ ಆ 64ರ ಸುತ್ತಲೇ ಗಿರಕಿ ಹೊಡೆಯುತ್ತವೆ. ಉಳಿದ ನಾಲ್ಕು ಲಕ್ಷ ಮಂದಿ ದಿನಾ ಏನು ಮಾಡುತ್ತಿದ್ದರು ಎಂದು ಕೇಳಿದರೆ ಕ್ಯಾಂಪ್‌ಬೆಲ್‌ನಂಥವನ ಕಡೆ ತಿರುಗಬೇಕು. ಶೌರ್ಯಪದಕವಿಲ್ಲ, ಬಡ್ತಿಯಿಲ್ಲ, ರಣರಂಗದಲ್ಲಿ ಕಳೆದದ್ದು ಸುಮಾರು ಆರು ವಾರ.

ಮುಂದೆ ಹೋಗುವ ಮುನ್ನ ಒಂದು ಮಾತು. ಹದಿನಾರರ ಹುಡುಗನನ್ನು ‘ಅವನು’ ಎನ್ನುತ್ತೇನೆ, ನೂರು ದಾಟಿದ ಅಜ್ಜನನ್ನು ‘ಅವರು’ ಎನ್ನುತ್ತೇನೆ. ಬಹುವಚನಕ್ಕೆ ಯಾವ ವಯಸ್ಸಿನಲ್ಲಿ ಹೊರಳಬೇಕೆಂದು ಬರೆಯುತ್ತಾ ತೀರ್ಮಾನಿಸಿದರಾಯಿತು.

ಎರಡು ವರ್ಷದ ಸುಳ್ಳು

ಕ್ಯಾಂಪ್‌ಬೆಲ್ ಹುಟ್ಟಿದ್ದು 1899ರ ಫೆಬ್ರವರಿ 26ರಂದು, ಟಾಸ್ಮೇನಿಯಾ ದ್ವೀಪದ ಲಾನ್ಸೆಸ್ಟನ್‌ನಲ್ಲಿ. ಶಾಲೆ ಬಿಟ್ಟು ವಿಮಾ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ. ಸೈನ್ಯಕ್ಕೆ ಹೆಸರು ಕೊಟ್ಟಾಗ ಅವನಿಗೆ 16 ವರ್ಷ 4 ತಿಂಗಳು. ಅರ್ಜಿಯಲ್ಲಿ ಹೇಳಿದ್ದು 18 ವರ್ಷ 4 ತಿಂಗಳು. ತಿಂಗಳನ್ನು ಸರಿಯಾಗಿಯೇ ಹೇಳಿ ವರ್ಷವನ್ನು ಮಾತ್ರ ತಿದ್ದಿದ್ದಾನೆ. ಗುಮಾಸ್ತನ ಕೈ ಎನ್ನಬೇಕು, ಲೆಕ್ಕ ತಪ್ಪಿಸುವುದರಲ್ಲೂ ಒಂದು ಅಚ್ಚುಕಟ್ಟು.

ಸಮಯವೂ ಅವನಿಗೆ ಅನುಕೂಲವಾಗಿತ್ತು. ಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರಲು ಕನಿಷ್ಠ 19 ವರ್ಷವಾಗಿರಬೇಕಿತ್ತು. 1915ರ ಏಪ್ರಿಲ್ 25ರಂದು ತುರ್ಕರ ವಿರುದ್ಧ ಗಲಿಪೊಲಿಯಲ್ಲಿ ಇಳಿದ ಬ್ರಿಟಿಷ್ ಕಡೆಯ ಪಡೆಗಳು ಕಡಲಂಚಿನ ಗುಡ್ಡಗಳಲ್ಲೇ ಸಿಕ್ಕಿಕೊಂಡವು. ಸತ್ತವರ ಪಟ್ಟಿಗಳು ಪತ್ರಿಕೆಗಳಲ್ಲಿ ಬರತೊಡಗಿದವು. ಜೂನ್‌ನಲ್ಲಿ ವಯೋಮಿತಿಯನ್ನು 18ರಿಂದ 45 ಎಂದು ಸಡಿಲಿಸಿದರು, ಎತ್ತರದ ಮಿತಿಯನ್ನೂ ಐದು ಅಡಿ ಎರಡು ಅಂಗುಲಕ್ಕೆ ಇಳಿಸಿದರು. ಜುಲೈ ಒಂದೇ ತಿಂಗಳಲ್ಲಿ 36,575 ಮಂದಿ ಸೇರಿದರು. ಇಡೀ ಯುದ್ಧದಲ್ಲಿ ಯಾವ ತಿಂಗಳೂ ಅಷ್ಟು ಮಂದಿ ಬರಲಿಲ್ಲ. ಸಾವಿನ ಸುದ್ದಿ ಬಂದಷ್ಟೂ ಸೇರುವವರ ಸಾಲು ಉದ್ದವಾಯಿತು ಎಂಬುದು ಇಂದು ಓದುವವರಿಗೆ ವಿಚಿತ್ರವಾಗಿ ಕಾಣುತ್ತದೆ. ಅಂಥ ನೂಕುನುಗ್ಗಲಿನಲ್ಲಿ ಮೀಸೆ ಚಿಗುರದ ಮುಖವೊಂದನ್ನು ನಿಲ್ಲಿಸಿ ಜನನ ಪತ್ರ ಕೇಳುವವರು ಯಾರು?

ಇಪ್ಪತ್ತೊಂದು ತುಂಬದವರಿಗೆ ತಂದೆತಾಯಿಯ ಒಪ್ಪಿಗೆ ಬೇಕಿತ್ತು. ಕ್ಯಾಂಪ್‌ಬೆಲ್ ಮನೆಯಲ್ಲಿ ಆಗಲೇ ಭಯ ಹೊಕ್ಕಿತ್ತು, ಹತ್ತಿರದ ಸಂಬಂಧಿಯೊಬ್ಬ ಗಲಿಪೊಲಿಯಲ್ಲಿ ಸತ್ತಿದ್ದ. ಆದರೂ ಮಗ ಹೊರಟ. ತರಬೇತಿ ಶಿಬಿರದಲ್ಲಿ ಇನ್ನೂ ಗಡ್ಡ ಹೆರೆಯದ ಇವನಿಗೆ ಉಳಿದವರು ಇಟ್ಟ ಹೆಸರು ‘ಕಿಡ್’, ನಮ್ಮ ಮಾತಿನಲ್ಲಿ ‘ಚಿಕ್ಕವ’. ಅಂದರೆ ವಿಷಯ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಂತೆ ಇದ್ದದ್ದು ಕಾಗದಕ್ಕೆ ಮಾತ್ರ.

ಇವನೊಬ್ಬನೇ ಅಲ್ಲ. ಮೆಲ್ಬರ್ನ್‌ನಲ್ಲಿ ಸೇರಿದ ಜೇಮ್ಸ್ ಮಾರ್ಟಿನ್ ಎಂಬ ಹುಡುಗನಿಗೆ ಸೇರುವಾಗ ಹದಿನಾಲ್ಕು ವರ್ಷ ಮೂರು ತಿಂಗಳು. ಒಪ್ಪಿಗೆ ಕೊಡದಿದ್ದರೆ ಬೇರೆ ಹೆಸರಿನಲ್ಲಿ ಸೇರಿಬಿಡುತ್ತೇನೆ, ಆಮೇಲೆ ಕಾಗದವನ್ನೂ ಬರೆಯುವುದಿಲ್ಲ ಎಂದು ಅಪ್ಪ ಅಮ್ಮನನ್ನು ಬೆದರಿಸಿದ್ದ. ಅವನು ಗಲಿಪೊಲಿಯ ಕಂದಕದಲ್ಲಿ ವಿಷಮಶೀತಜ್ವರ ಹಿಡಿದು 1915ರ ಅಕ್ಟೋಬರ್ 25ರಂದು ಆಸ್ಪತ್ರೆ ಹಡಗಿನಲ್ಲಿ ಸತ್ತ. ಶವವನ್ನು ಸಮುದ್ರಕ್ಕೆ ಬಿಟ್ಟರು. ಕ್ಯಾಂಪ್‌ಬೆಲ್ ಗಲಿಪೊಲಿಯಲ್ಲಿ ಕಾಲಿಟ್ಟದ್ದು ಅದಾದ ಕೆಲವೇ ದಿನಗಳಿಗೆ. ಒಂದೇ ಬಗೆಯ ಸುಳ್ಳು ಒಬ್ಬನನ್ನು ಹದಿನಾಲ್ಕಕ್ಕೆ ಮುಗಿಸಿತು, ಇನ್ನೊಬ್ಬ ನೂರ ಮೂರರವರೆಗೆ ನಡೆದ. ಇದರಲ್ಲಿ ನ್ಯಾಯ ಹುಡುಕಲು ಹೊರಟರೆ ತಲೆ ಕೆಡುತ್ತದೆ.

ಡಬ್ಬ

ಹಡಗು ಮೆಲ್ಬರ್ನ್ ಬಿಟ್ಟದ್ದು ಆಗಸ್ಟ್‌ನಲ್ಲಿ. 15ನೇ ಬೆಟಾಲಿಯನ್ನಿನಲ್ಲಿ ಮುಕ್ಕಾಲು ಪಾಲು ಕ್ವೀನ್ಸ್‌ಲ್ಯಾಂಡಿನವರು, ಉಳಿದವರು ಟಾಸ್ಮೇನಿಯಾದವರು. ಅದು ಜಾನ್ ಮೊನಾಶ್ ನಡೆಸುತ್ತಿದ್ದ 4ನೇ ಬ್ರಿಗೇಡಿನ ಭಾಗ. ಇವನು ಬರುವ ಹೊತ್ತಿಗೆ ಹಳಬರಲ್ಲಿ ಉಳಿದವರು ಕಡಿಮೆ. ಮೇ ತಿಂಗಳಲ್ಲಿ ಈ ಬೆಟಾಲಿಯನ್ನಿನ ಮೇಜರ್ ಕ್ವಿನ್ ಸತ್ತ ಠಾಣೆಗೆ ಅವನದೇ ಹೆಸರು ನಿಂತುಹೋಗಿತ್ತು. ಆಗಸ್ಟ್ 8ರಂದು ‘971ನೇ ಗುಡ್ಡ’ ಹಿಡಿಯಲು ಹೋಗಿ ಬ್ರಿಗೇಡ್ ನುಜ್ಜುಗುಜ್ಜಾಗಿತ್ತು. ಸೆಪ್ಟೆಂಬರಿನಲ್ಲಿ ಅದನ್ನು ಸುಧಾರಿಸಿಕೊಳ್ಳಲೆಂದು ಲೆಮ್ನೋಸ್ ದ್ವೀಪಕ್ಕೆ ಕರೆಸಿಕೊಂಡಿದ್ದರು; ನವೆಂಬರ್ ಆರಂಭದಲ್ಲಿ ಮತ್ತೆ ಗುಡ್ಡಗಳಿಗೆ ಕಳುಹಿಸಿದರು. ಕ್ಯಾಂಪ್‌ಬೆಲ್‌ನಂಥ ಹೊಸಬರು ತುಂಬಿದ್ದು ಆ ಖಾಲಿ ಜಾಗಗಳನ್ನು.

ಅವನಿಗೆ ಸಿಕ್ಕ ಕೆಲಸ ಮದ್ದುಗುಂಡು, ಸಾಮಾನು, ನೀರು ಹೊರುವುದು. ಇದನ್ನು ಓದಿದ ಕೂಡಲೇ ‘ಓಹೋ, ಹಿಂಬದಿಯ ಕೆಲಸ’ ಎನ್ನಿಸುವುದು ಸಹಜ. ಆನ್ಜಾಕ್ ಕೊಲ್ಲಿಯಲ್ಲಿ ಹಿಂಬದಿ ಎಂಬುದೇ ಇರಲಿಲ್ಲ. ಆನ್ಜಾಕ್ ಎಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲ್ಯಾಂಡ್ ಪಡೆಗಳ ಕೂಟ; ಅವರ ಕೈಯಲ್ಲಿದ್ದದ್ದು ಕಡಲಿಗೆ ಅಂಟಿಕೊಂಡ ಒಂದಿಷ್ಟು ಗುಡ್ಡ. ತುರ್ಕರ ಫಿರಂಗಿಗಳಿಗೆ ದೋಣಿಕಟ್ಟೆಯೂ ಗುರಿಯೇ. ಒಂದು ಫಿರಂಗಿಗಂತೂ ಸಿಪಾಯಿಗಳು ‘ಬೀಚಿ ಬಿಲ್’ ಎಂದು ಅಡ್ಡಹೆಸರಿಟ್ಟಿದ್ದರು. ಸ್ನಾನಕ್ಕೆ ಕಡಲಿಗಿಳಿದವರೂ ಅದಕ್ಕೆ ಬಲಿಯಾದದ್ದುಂಟು.

ನೀರಿನ ಕಥೆ ಇನ್ನೂ ದೊಡ್ಡದು. ಆ ಒಣ ಗುಡ್ಡಗಳಲ್ಲಿ ತೋಡಿದ ಬಾವಿಗಳು ಸಾಲುತ್ತಿರಲಿಲ್ಲ. ಕುಡಿಯುವ ನೀರು ಈಜಿಪ್ಟಿನಿಂದ ಸಮುದ್ರ ದಾಟಿ ಹಡಗಿನಲ್ಲಿ ಬರಬೇಕಿತ್ತು. ದಂಡೆಗೆ ಬಂದ ನೀರು ತೊಟ್ಟಿಗೆ, ತೊಟ್ಟಿಯಿಂದ ಡಬ್ಬಕ್ಕೆ. ಕಣಿವೆಯಲ್ಲಿ ಸ್ವಲ್ಪ ದೂರ ಹೇಸರಗತ್ತೆಗಳು ಹೊರುತ್ತಿದ್ದವು. ಆ ಹೇಸರಗತ್ತೆಗಳನ್ನು ನಡೆಸುತ್ತಿದ್ದವರು ಭಾರತೀಯರು. ಭಾರತೀಯ ಸೈನ್ಯದ ಹೇಸರಗತ್ತೆ ಪಡೆ ಗಲಿಪೊಲಿಯಲ್ಲಿ ರಾತ್ರಿಯಿಡೀ ನೀರು, ರೊಟ್ಟಿ, ಗುಂಡು ಸಾಗಿಸುತ್ತಿತ್ತು. ಹಗಲು ಹೊರಟರೆ ಫಿರಂಗಿಗೆ ಆಹುತಿ. ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಗಲಿಪೊಲಿಯಲ್ಲಲ್ಲ. ಈ ಹೊತ್ತಿಗೆ ಅವರು ಈಜಿಪ್ಟಿನಲ್ಲಿ, ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದರು. ಅವರಿಗೆ ಹೆಸರು ತಂದ ಹೈಫಾದ ದಾಳಿಗೆ ಇನ್ನೂ ಮೂರು ವರ್ಷ ಬಾಕಿಯಿತ್ತು.

ಪ್ರಾಣಿಗಳು ಹತ್ತಲಾರದ ಕಡೆಯಿಂದ ಮುಂದಕ್ಕೆ ಮನುಷ್ಯರೇ ಹೊರಬೇಕು. ಕ್ಯಾಂಪ್‌ಬೆಲ್‌ನಂಥವರ ಪಾಳಿ ಶುರುವಾಗುವುದು ಅಲ್ಲಿ. ಎರಡೂ ಕೈಯಲ್ಲಿ ಭಾರ ಹಿಡಿದವನಿಗೆ ಬಂದೂಕು ಎತ್ತಲು ಕೈ ಇಲ್ಲ. ಬಗ್ಗಿ ಓಡಿದರೆ ನೀರು ಚೆಲ್ಲುತ್ತದೆ, ನೆಟ್ಟಗೆ ನಡೆದರೆ ತಲೆ ಕಾಣುತ್ತದೆ. ಮೇಲೆ ಕಾಯುತ್ತಿರುವವರು ಉಪ್ಪು ಹಾಕಿದ ಡಬ್ಬಿ ಮಾಂಸ ತಿಂದವರು. ಜೊತೆಗಿರುವ ಬಿಸ್ಕತ್ತು ಎಷ್ಟು ಗಟ್ಟಿಯೆಂದರೆ ಅದರ ಮೇಲೆ ವಿಳಾಸ ಬರೆದು ಊರಿಗೆ ಅಂಚೆಯಲ್ಲಿ ಕಳುಹಿಸಿದವರಿದ್ದಾರೆ. ನೀರಿಲ್ಲದೆ ಆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಹೀಗಿರುವಾಗ ಗುಂಡು ಹಾರಿಸಿದವನ ಸೇವೆ ದೊಡ್ಡದು, ನೀರು ಹೊತ್ತವನದು ಚಿಕ್ಕದು ಎಂದು ತೂಗುವ ತಕ್ಕಡಿಯನ್ನು ನಾನು ನಂಬುವುದಿಲ್ಲ. ದಿನಗೂಲಿ ಇಬ್ಬರಿಗೂ ಒಂದೇ ಆಗಿತ್ತು, ಆರು ಶಿಲ್ಲಿಂಗ್.

ನವೆಂಬರ್ 13ರಂದು ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್ ಖುದ್ದಾಗಿ ಬಂದು ಆನ್ಜಾಕ್ ಗುಡ್ಡಗಳನ್ನು ನೋಡಿ ಹೋದ. ಅವನು ಬಂದದ್ದು ಗಲಿಪೊಲಿಯನ್ನು ಬಿಟ್ಟುಹೋಗುವ ತೀರ್ಮಾನಕ್ಕೆ ಎಂದು ಸಿಪಾಯಿಗಳಿಗೆ ಹೇಳಿದವರಿಲ್ಲ. ಅದಾಗಿ ಹತ್ತು ದಿನಕ್ಕೆ ವಿಚಿತ್ರ ಆಜ್ಞೆ ಬಂತು: ಮೂರು ದಿನ ಯಾರೂ ಗುಂಡು ಹಾರಿಸಕೂಡದು. ಮೌನಕ್ಕೆ ತುರ್ಕರನ್ನು ಒಗ್ಗಿಸುವುದು ಇದರ ಉದ್ದೇಶ. 28ರಂದು ಹಿಮ ಬಿತ್ತು. ಕ್ವೀನ್ಸ್‌ಲ್ಯಾಂಡಿನ ಸೆಕೆಯ ನಾಡಿನಿಂದ ಬಂದ ಎಷ್ಟೋ ಮಂದಿಗೆ ಹಿಮ ಕಂಡದ್ದೇ ಮೊದಲು. ಬೆಳಗ್ಗೆ ಮಕ್ಕಳಂತೆ ಉಂಡೆ ಕಟ್ಟಿ ಎಸೆದಾಡಿದರು, ಸಂಜೆಯ ಹೊತ್ತಿಗೆ ಕಾಲ್ಬೆರಳು ಕಪ್ಪಾಗತೊಡಗಿತು. ಪಕ್ಕದ ಸುವ್ಲಾದಲ್ಲಿ ಮಳೆ ನೀರು ಕಂದಕಗಳಿಗೆ ನುಗ್ಗಿ, ಮೇಲೆ ಚಳಿಯೂ ಹೊಡೆದು, ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ತಿಂಗಳುಗಟ್ಟಲೆ ನೀರಿಗಾಗಿ ಬಾಯಾರಿದ ಸೈನ್ಯವನ್ನು ನೀರೇ ಕೊಂದದ್ದು ಹೀಗೆ.

ಈ ಆರು ವಾರದ ನಡುವೆ ಎಲ್ಲೋ ಕ್ಯಾಂಪ್‌ಬೆಲ್‌ಗೆ ಸಣ್ಣ ಗಾಯವಾಯಿತು. ಸಣ್ಣದು ಎಂಬುದಕ್ಕಿಂತ ಹೆಚ್ಚಿನ ವಿವರಣೆ ಅದಕ್ಕೆ ಬೇಕಿಲ್ಲ, ಅವನೂ ಅದನ್ನು ದೊಡ್ಡದು ಮಾಡಿದವನಲ್ಲ.

ಡಿಸೆಂಬರಿನಲ್ಲಿ ಹಿಂತೆಗೆತ. ರಾತ್ರಿ ರಾತ್ರಿ ತುಕಡಿಗಳು ಇಳಿದು ದೋಣಿ ಹತ್ತಿದವು. ಸದ್ದಾಗದಂತೆ ಬೂಟಿಗೆ ಗೋಣಿತಟ್ಟು ಸುತ್ತಿಕೊಂಡರು. ಕೊನೆಯವರು ಹೊರಟದ್ದು ಡಿಸೆಂಬರ್ 20ರ ಬೆಳಗಿನ ಜಾವ. ಅವರು ಹೋದ ಮೇಲೂ ಕಂದಕಗಳಿಂದ ಗುಂಡು ಹಾರುತ್ತಲೇ ಇತ್ತು. ಅದರ ಹಿಂದೆ ಇದ್ದದ್ದು ಲ್ಯಾನ್ಸ್ ಕಾರ್ಪೊರಲ್ ವಿಲಿಯಂ ಸ್ಕರಿ ಹೂಡಿದ ಉಪಾಯ. ಎರಡು ಸೀಮೆಎಣ್ಣೆ ಡಬ್ಬ, ಒಂದರ ಮೇಲೊಂದು. ಮೇಲಿನದರ ತುಂಬ ನೀರು. ಕೆಳಗಿನದರಿಂದ ಬಂದೂಕಿನ ಕುದುರೆಗೆ ಒಂದು ದಾರ. ಹೊರಡುವಾಗ ಮೇಲಿನ ಡಬ್ಬದ ತಳಕ್ಕೆ ತೂತು ಚುಚ್ಚಿದರೆ ನೀರು ತೊಟ್ಟಿಕ್ಕುತ್ತಾ ಕೆಳಗಿನದು ಭಾರವಾಗುತ್ತದೆ, ದಾರ ಎಳೆಯುತ್ತದೆ, ಗುಂಡು ಹಾರುತ್ತದೆ. ಎಂಟು ತಿಂಗಳ ಆ ದಂಡಯಾತ್ರೆಯಲ್ಲಿ 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತಿದ್ದರು. ಸೇನಾಪತಿಗಳ ಯೋಜನೆಗಳೆಲ್ಲ ಮಣ್ಣುಪಾಲಾದ ಕಡೆ ಕೆಲಸಕ್ಕೆ ಬಂದದ್ದು ಕ್ಯಾಂಪ್‌ಬೆಲ್ ಹೊತ್ತಂಥದೇ ಡಬ್ಬ, ಅದರೊಳಗಿನ ನೀರು.

ಜ್ವರ

ಗಲಿಪೊಲಿಯಿಂದ ಜೀವಂತ ಬಂದವನನ್ನು ಜ್ವರ ಕೆಡವಿತು. ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತು. ಚಿಕಿತ್ಸೆಯಿಂದ ಚಿಕಿತ್ಸೆಗೆ ದಾಟಿಸಿ, ಕೊನೆಗೆ ಕಾಯಿಲೆಯವನೆಂದು ಊರಿಗೆ ಕಳುಹಿಸಿದರು. 1916ರ ಆಗಸ್ಟ್ 22ರಂದು ಸೈನ್ಯದಿಂದ ಬಿಡುಗಡೆ. ವಯಸ್ಸು ಹದಿನೇಳು, ಮಾಜಿ ಯೋಧ.

ಬಹಳಷ್ಟು ಬರಹಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ಅದೇ ಆಗಸ್ಟ್ ತಿಂಗಳಲ್ಲಿ ಅವನ ಬೆಟಾಲಿಯನ್ ಫ್ರಾನ್ಸಿನ ಪೊಜಿಯರ್ ಮತ್ತು ಮೂಕೆ ಫಾರ್ಮ್‌ನಲ್ಲಿತ್ತು. ಏಳು ವಾರಕ್ಕೂ ಕಡಿಮೆ ಅವಧಿಯಲ್ಲಿ ಆ ಒಂದು ದಿಬ್ಬದ ಮೇಲೆ ಸತ್ತ ಮತ್ತು ಗಾಯಗೊಂಡ ಆಸ್ಟ್ರೇಲಿಯನ್ನರು ಸುಮಾರು 23,000. ಮುಂದಿನ ವರ್ಷ ಏಪ್ರಿಲ್ 11ರಂದು ಬುಲ್ಲೆಕೂರ್‌ನಲ್ಲಿ ಅವನ 4ನೇ ಬ್ರಿಗೇಡ್ 3,000 ಮಂದಿಯೊಂದಿಗೆ ಮುನ್ನುಗ್ಗಿತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಕಳೆದುಹೋದವರು 2,339. ಮುಖ ಸೊಟ್ಟಗಾಗದೆ ಇದ್ದಿದ್ದರೆ ಕ್ಯಾಂಪ್‌ಬೆಲ್ ಈ ಎರಡೂ ಕಡೆ ಇರುತ್ತಿದ್ದ. ಲಾನ್ಸೆಸ್ಟನ್‌ನಲ್ಲಿ ಅವನನ್ನು ಕಂಡು ‘ಅಯ್ಯೋ ಪಾಪ’ ಎಂದವರಿಗೆ ಇದರ ಅರಿವು ಇರಲು ಸಾಧ್ಯವಿರಲಿಲ್ಲ.

ಉಳಿದ ಎಂಬತ್ತೈದು ವರ್ಷ

ಬಹುವಚನಕ್ಕೆ ಇಲ್ಲಿ ಹೊರಳುತ್ತೇನೆ. ವಾಪಸು ಬಂದ ಮೇಲೆ ಕ್ಯಾಂಪ್‌ಬೆಲ್ ಅವರು ದನಕುರಿಗಳ ದೊಡ್ಡ ಸಾಕಣೆ ಕ್ಷೇತ್ರದಲ್ಲಿ ದುಡಿದರು, ಬಡಗಿಯಾದರು, ರೈಲ್ವೆ ಬೋಗಿ ಕಟ್ಟಿದರು. ಬಾಕ್ಸಿಂಗ್ ಆಡಿದರು. 1939ರ ಹೊತ್ತಿಗೆ ರೈಲ್ವೆ ಕಾರ್ಮಿಕ ಸಂಘದ ಟಾಸ್ಮೇನಿಯಾ ಶಾಖೆಯ ಅಧ್ಯಕ್ಷರಾಗಿದ್ದರು. ಕೂಲಿಯವರ ಪರವಾಗಿ ಮಾತನಾಡಲು ಭಾರ ಹೊತ್ತು ಗೊತ್ತಿದ್ದ ಹೆಗಲೇ ಬೇಕು ಎಂದು ನನಗನ್ನಿಸುತ್ತದೆ, ಆದರೆ ಇದು ನನ್ನ ಊಹೆ ಮಾತ್ರ. ಎರಡನೇ ಮಹಾಯುದ್ಧದ ನಂತರ, ವಯಸ್ಸು ಐವತ್ತರ ಆಸುಪಾಸಿನಲ್ಲಿ, ವಿಶ್ವವಿದ್ಯಾಲಯಕ್ಕೆ ಹೋಗಿ ಅರ್ಥಶಾಸ್ತ್ರದ ಪದವಿ ಪಡೆದು ಸರ್ಕಾರಿ ನೌಕರಿ ಹಿಡಿದರು. ಸಿಡ್ನಿಯಿಂದ ಹೊಬಾರ್ಟ್‌ಗೆ ನಡೆಯುವ ಹಾಯಿದೋಣಿ ಪಂದ್ಯದಲ್ಲಿ ಭಾಗವಹಿಸಿದರು. ಎರಡು ಮದುವೆ, ಒಂಬತ್ತು ಮಕ್ಕಳು. ಕೊನೆಯ ಮಗು ಹುಟ್ಟಿದಾಗ ಅಪ್ಪನಿಗೆ ಅರವತ್ತೊಂಬತ್ತು.

ಇಷ್ಟು ತುಂಬಿದ ಬದುಕಿನಲ್ಲಿ ಗಲಿಪೊಲಿ ಒಂದು ಮೂಲೆಯಲ್ಲಿ ಬಿದ್ದಿತ್ತು. 37,000ಕ್ಕೂ ಹೆಚ್ಚು ದಿನ ಬದುಕಿದವರಿಗೆ ಅಲ್ಲಿನ ನಲವತ್ತೈದು ದಿನ ಎಷ್ಟರದು? ಅವರು ಅದರ ಬಗ್ಗೆ ಹೆಚ್ಚು ಹೇಳಿಕೊಂಡು ತಿರುಗಲಿಲ್ಲ. ಕೇಳಿಕೊಂಡು ಜನ ಬರತೊಡಗಿದ್ದು ಉಳಿದವರು ಒಬ್ಬೊಬ್ಬರಾಗಿ ಹೋದ ಮೇಲೆ. ಮೊದಲ ದಿನವೇ, ಅಂದರೆ ಏಪ್ರಿಲ್ 25ಕ್ಕೆ, ದಂಡೆಗಿಳಿದವರಲ್ಲಿ ಕೊನೆಯವರಾದ ಟೆಡ್ ಮ್ಯಾಥ್ಯೂಸ್ 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2000ದಲ್ಲಿ ಆಸ್ಟ್ರೇಲಿಯಾದ ಅಂಚೆ ಇಲಾಖೆ ಕೊನೆಯ ಆನ್ಜಾಕ್ ಯೋಧರ ಅಂಚೆಚೀಟಿ ತಂದಾಗ ಅದರಲ್ಲಿದ್ದವರು ಮೂವರು: ವಾಲ್ಟರ್ ಪಾರ್ಕರ್, ರಾಯ್ ಲಾಂಗ್‌ಮೋರ್, ಅಲೆಕ್ ಕ್ಯಾಂಪ್‌ಬೆಲ್. ಪಾರ್ಕರ್ ಅದೇ ವರ್ಷ ಹೋದರು, ವಯಸ್ಸು 105. ಲಾಂಗ್‌ಮೋರ್ 2001ರ ಜೂನ್‌ನಲ್ಲಿ, 107ಕ್ಕೆ.

ಇಲ್ಲೊಂದು ಲೆಕ್ಕ ಗಮನಿಸಬೇಕು. ಇಬ್ಬರೂ ಕ್ಯಾಂಪ್‌ಬೆಲ್ ಅವರಿಗಿಂತ ಹೆಚ್ಚು ವರ್ಷ ಬದುಕಿದರು. ಆದರೂ ಕೊನೆಯವರಾಗಿ ಉಳಿದದ್ದು ಕ್ಯಾಂಪ್‌ಬೆಲ್. ಅದಕ್ಕೆ ಗಟ್ಟಿ ದೇಹ ಅರ್ಧ ಕಾರಣವಾದರೆ, ನೇಮಕಾತಿ ಕಚೇರಿಯಲ್ಲಿ ಹೇಳಿದ ಎರಡು ವರ್ಷದ ಸುಳ್ಳು ಇನ್ನರ್ಧ. ನಿಜ ಹೇಳಿದ್ದರೆ ಅವರಿಗೆ ಹದಿನೆಂಟು ತುಂಬುತ್ತಿದ್ದದ್ದು 1917ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಗಲಿಪೊಲಿ ಮುಗಿದು ವರ್ಷ ದಾಟಿರುತ್ತಿತ್ತು. ಸುಳ್ಳು ಅವರನ್ನು ಆ ಗುಡ್ಡಕ್ಕೆ ಹತ್ತಿಸಿತು, ಕಾಯಿಲೆ ಮುಂದಿನ ಗುಡ್ಡಗಳಿಂದ ತಪ್ಪಿಸಿತು. ಸರ್ಕಾರ ಗೌರವಿಸಿದ್ದು ಇವೆರಡರ ಫಲವನ್ನು. ಇದು ಕುಹಕವಲ್ಲ; ಲಕ್ಷಾಂತರ ಮಂದಿಯ ಸೇವೆಗೆ ಒಂದು ಮುಖ ಬೇಕಾದಾಗ ಇವರ ಮುಖ ಮಾತ್ರ ಉಳಿದಿತ್ತು, ಅಷ್ಟೇ. ಪದಕ ಗೆದ್ದ ಧೀರರೊಬ್ಬರು ಉಳಿದಿದ್ದರೆ ನೀರು ಹೊತ್ತವರ ನೆನಪು ಬಾವುಟ ಇಳಿಸುವಷ್ಟು ದೂರ ಬರುತ್ತಿರಲಿಲ್ಲ.

ಲಾಂಗ್‌ಮೋರ್ ಹೋದ ಮೇಲೆ ಕ್ಯಾಂಪ್‌ಬೆಲ್ ಅವರು ಹನ್ನೊಂದು ತಿಂಗಳು ಒಬ್ಬರೇ ಇದ್ದರು. ಪತ್ರಕರ್ತರು, ಮಂತ್ರಿಗಳು, ಶಾಲಾ ಮಕ್ಕಳು ಎಲ್ಲರಿಗೂ ಗಲಿಪೊಲಿಯೆಂದರೆ ಇನ್ನು ಅವರೊಬ್ಬರೇ. ಅಲ್ಲಿ ಇದ್ದದ್ದಕ್ಕಿಂತ ಏಳೆಂಟು ಪಟ್ಟು ಹೆಚ್ಚಿನ ಕಾಲ ಈ ಪಾಳಿ ನಡೆಯಿತು. 2002ರ ಮೇ 16ರಂದು ನ್ಯುಮೋನಿಯಾ ಅವರನ್ನು ಅದರಿಂದ ಬಿಡಿಸಿತು.